ಗುಮಾಸ್ತನ ಹಾಜರಿ ಪುಸ್ತಕ

ದೊಡ್ಡಕ್ಕ ಮೂವತ್ತೆರಡು ವರ್ಷ ಒಂದೇ ಫೋಟೋ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಕುಳಿತು ಜನರ ಮುಖದ ಕಲೆಗಳನ್ನು ಅಳಿಸಿದಳು. ಮೊದಲ ಹದಿನೈದು ವರ್ಷ ನೆಗೆಟಿವ್ ಮೇಲೆ, ಸೂಜಿಯಷ್ಟು ಚೂಪಾದ ಪೆನ್ಸಿಲ್ ಹಿಡಿದು, ಆಮೇಲೆ ಕಂಪ್ಯೂಟರಿನಲ್ಲಿ. ಮೊಡವೆ, ಸಿಡುಬಿನ ಗುಳಿ, ಕಣ್ಣ ಕೆಳಗಿನ ಕಪ್ಪು, ಹರಿದ ಕಾಲರು, ಎಲ್ಲವೂ ಅವಳ ಕೈಯಲ್ಲಿ ಮಾಯವಾಗುತ್ತಿದ್ದವು. ಫೋಟೋ ಈಸಿಕೊಂಡು, "ಇದು ನಾನೇನಾ?" ಎಂದು ಕೇಳಿದವರು ಒಬ್ಬಿಬ್ಬರಲ್ಲ. "ನೀವೇ. ಚೆನ್ನಾಗಿ ನಿದ್ದೆ ಮಾಡಿ ಎದ್ದ ನೀವು" ಎಂದು ಹೇಳಿ ಕಳಿಸುತ್ತಿದ್ದಳು.

ಸ್ಟುಡಿಯೋದ ಯಜಮಾನರು ಅವಳಿಗೆ ಕಲಿಸಿದ ಕಟ್ಟಳೆ ಎರಡು. ಕೆಲಸ ಮಾಡಿದ ಕೈ ಕಾಣಬಾರದು, ಇದು ಮೊದಲನೆಯದು. ಎರಡನೆಯದು ಕಂಪ್ಯೂಟರ್ ಬಂದ ಮೇಲೆ ಸೇರಿದ್ದು. ನೆಗೆಟಿವ್ ಕಾಲದಲ್ಲಿ ತಿದ್ದಿದ್ದೇ ಮೂಲವಾಗುತ್ತಿತ್ತು. ಕಂಪ್ಯೂಟರಿನಲ್ಲಿ ತಿದ್ದದೆ ಇರುವುದು ಬೇರೆಯಾಗಿ ಉಳಿಯತೊಡಗಿತು. ಯಜಮಾನರಿಗೆ ಅದು ಸರಿಬರಲಿಲ್ಲ. "ಜನ ನಮ್ಮನ್ನ ನಂಬಿ ಮುಖ ಕೊಡ್ತಾರೆ ಕಣಮ್ಮ. ಅವರ ಗುಳಿಗಳನ್ನ ನಾವು ಕೂಡಿಟ್ಟುಕೊಳ್ಳಬಾರದು. ಕೆಲಸ ಮುಗಿದ ತಕ್ಷಣ ಮೊದಲಿನದನ್ನ ಅಳಿಸಿಬಿಡು." ದೊಡ್ಡಕ್ಕ ಅಳಿಸುತ್ತಿದ್ದಳು. ಒಂದು ದಿನವೂ ತಪ್ಪಲಿಲ್ಲ.

ಸ್ಟುಡಿಯೋ ಮುಚ್ಚಿದಾಗ ಯಜಮಾನರು ಅವಳ ಕಂಪ್ಯೂಟರನ್ನು ಅವಳಿಗೇ ಕೊಟ್ಟರು. ಅದನ್ನು ಮನೆಗೆ ತಂದು ಹಿತ್ತಲ ಕಡೆಯ ಕಿಟಕಿಗೆ ಸೇರಿಸಿ ಇಟ್ಟಳು. ಮನೆಯಲ್ಲಿ ಇದ್ದವರು ಇಬ್ಬರೇ, ಅವಳು ಮತ್ತು ಅವಳ ತಂಗಿ. ಬೀದಿಯವರ ಬಾಯಲ್ಲಿ ಅವರು ದೊಡ್ಡಕ್ಕ ಮತ್ತು ಚಿಕ್ಕಕ್ಕ. ಇಬ್ಬರೂ ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳಿದವರಿಗೆ ಚಿಕ್ಕಕ್ಕ, "ಬಂದ ಗಂಡುಗಳ ಫೋಟೋನೆಲ್ಲ ನಮ್ಮಕ್ಕ ತಿದ್ದಿಬಿಟ್ಟಳು. ಆಮೇಲೆ ಗಂಡು ಬಾಗಿಲಿಗೆ ಬಂದಾಗ ಯಾರಪ್ಪ ನೀನು ಅಂತ ವಾಪಸು ಕಳಿಸಿದ್ವಿ" ಎನ್ನುತ್ತಿದ್ದಳು. ಆ ಮಾತನ್ನು ಎಷ್ಟು ಸಲ ಹೇಳಿದರೂ ಮೊದಲು ನಗುವವಳು ಅವಳೇ.

ಚಿಕ್ಕಕ್ಕ ಒಂದು ಕಚೇರಿಯಲ್ಲಿ ಗುಮಾಸ್ತೆ. ನೂರ ನಲವತ್ತು ಜನರ ಹಾಜರಿ ಪುಸ್ತಕ ಅವಳ ವಶದಲ್ಲಿತ್ತು. ನಾಲ್ಕು ತಿಂಗಳ ಹಿಂದೆ, ಒಂದು ಬುಧವಾರ ಬೆಳಿಗ್ಗೆ, ಕಚೇರಿಯ ಮೆಟ್ಟಿಲು ಹತ್ತುವಾಗ ಎದೆ ಹಿಡಿದುಕೊಂಡು ಕುಳಿತಳು. ಮತ್ತೆ ಏಳಲಿಲ್ಲ. ಅವಳಿಗೆ ಐವತ್ತೆರಡು ವರ್ಷ.

ಅಂದಿನಿಂದ ದೊಡ್ಡಕ್ಕನಿಗೆ ಏನೂ ಆಗಿರಲಿಲ್ಲ. ಬೇರೆಯವರಿಗೆ ಹೇಳಲು ಅವಳ ಹತ್ತಿರ ಇದ್ದ ಮಾತು ಇದೊಂದೇ. ಅಳು ಬರಲಿಲ್ಲ. ಊಟ ಬಿಡಲಿಲ್ಲ. ನಿದ್ದೆಯೂ ಬರುತ್ತಿತ್ತು. ಕೈಯನ್ನು ತಲೆಯಡಿ ಇಟ್ಟು ಮಲಗಿದರೆ ಜೋಮು ಹಿಡಿಯುತ್ತದಲ್ಲ, ಮುಟ್ಟಿದರೆ ಬೇರೆ ಯಾರದೋ ಕೈ ಮುಟ್ಟಿದ ಹಾಗಿರುತ್ತದಲ್ಲ, ಅವಳಿಗೆ ಇಡೀ ದಿನ ಹಾಗೇ ಇತ್ತು. ಬೆಳಿಗ್ಗೆ ಎರಡು ಲೋಟ ಚಹಾ ಮಾಡುತ್ತಿದ್ದಳು. ಒಂದನ್ನು ಕುಡಿಯುತ್ತಿದ್ದಳು. ಇನ್ನೊಂದನ್ನು ಸ್ವಲ್ಪ ಹೊತ್ತು ನೋಡಿ ಅದನ್ನೂ ಕುಡಿಯುತ್ತಿದ್ದಳು.

"ಒಂದು ಸಲ ಅತ್ತುಬಿಡಿ ದೊಡ್ಡಕ್ಕ, ಹಗುರಾಗುತ್ತೆ" ಎಂದು ಹಿತ್ತಲ ಗೋಡೆಯಾಚೆಯ ಟೈಲರಮ್ಮ ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದಳು.

"ಭಾರ ಇದ್ರೆ ತಾನೇ ಹಗುರಾಗೋದು" ಎನ್ನುತ್ತಿದ್ದಳು ದೊಡ್ಡಕ್ಕ. ಅದು ನಿಜವೇ ಆಗಿತ್ತು.

ಹಿತ್ತಲು ಉದ್ದಕ್ಕೆ ಹನ್ನೆರಡು ಹೆಜ್ಜೆ, ಅಗಲಕ್ಕೆ ಏಳು. ಒಂದು ನಿಂಬೆ ಗಿಡ, ಗೋಡೆಗೆ ಹಬ್ಬಿದ ಒಂದು ಬಳ್ಳಿ, ಕುಂಡಗಳಲ್ಲಿ ಹಳದಿ ಮತ್ತು ಕೆಂಪು ಹೂವು, ಬಟ್ಟೆ ಒಣಗಿಸುವ ತಂತಿ. ಇದೆಲ್ಲ ಚಿಕ್ಕಕ್ಕನ ಸಾಮ್ರಾಜ್ಯ. ಐದು ವರ್ಷದ ಹಿಂದೆ ಅವಳು ಒಂದು ಕ್ಯಾಮರಾ ಕೊಂಡಳು. ಕಚೇರಿಗೆ ಹೋಗುವ ಮೊದಲು ಅರ್ಧ ಗಂಟೆ, ರಜೆಯ ದಿನ ಇಡೀ ಬೆಳಗು, ಮೂರು ಕಾಲಿನ ಸ್ಟೂಲಿನ ಮೇಲೆ ಕುಳಿತು ಚಿಟ್ಟೆಗಳನ್ನು ಕಾಯುತ್ತಿದ್ದಳು. ಚಿಟ್ಟೆ ಕೂತಾಗ ಉಸಿರು ಬಿಗಿಹಿಡಿಯುವಳು. ಅದು ಹಾರಿದ ಮೇಲೆ ಎಲ್ಲ ಉಸಿರನ್ನೂ ಒಟ್ಟಿಗೆ ಬಿಟ್ಟು, "ಹೋಯ್ತು ನೋಡು, ಸಾಲ ಕೇಳಿದವನನ್ನ ಕಂಡ ಹಾಗೆ" ಎನ್ನುವಳು.

ಕಳೆದ ವರ್ಷದ ಬಿಸಿಲುಗಾಲದಲ್ಲಿ ಒಂದು ಕಪ್ಪು ಚಿಟ್ಟೆ ಬಂತು. ರೆಕ್ಕೆ ಬಿಡಿಸಿದರೆ ಕಪ್ಪಿನ ಮೇಲೆ ದೊಡ್ಡ ಬಿಳಿ ಬೊಟ್ಟುಗಳು. ಬಿಸಿಲು ಓರೆಯಾಗಿ ಬಿದ್ದರೆ ಆ ಬೊಟ್ಟುಗಳ ಸುತ್ತ ನೀಲಿ. ರೆಕ್ಕೆಯ ಅಂಚಿಗೆ ಸಾಲಾಗಿ ಸಣ್ಣ ಬಿಳಿ ಚುಕ್ಕೆ. ಅದು ಒಂಬತ್ತೂವರೆಗೆ ಬಂದು ನಿಂಬೆ ಗಿಡದ ಒಂದೇ ಎಲೆಯ ಮೇಲೆ ಕೂರುತ್ತಿತ್ತು. ಬೇರೆ ಚಿಟ್ಟೆ ಬಂದರೆ ಅಟ್ಟಿಸಿಕೊಂಡು ಹೋಗಿ, ಮತ್ತೆ ಅದೇ ಎಲೆಗೆ. ಗುಬ್ಬಚ್ಚಿ ಬಂದರೂ ಬಿಡುತ್ತಿರಲಿಲ್ಲ. ಸಂಜೆಯ ಹೊತ್ತಿಗೆ ಇಲ್ಲ.

"ಕಪ್ಪು ಕೋಟು, ದಿನಾ ಒಂದೇ ಟೈಮಿಗೆ ಬಂದು ಒಂದೇ ಕುರ್ಚೀಲಿ ಕೂರೋದು, ಬಂದವರನ್ನೆಲ್ಲ ಓಡಿಸೋದು. ಅಕ್ಕಾ, ಇದು ನಮ್ಮ ಕಚೇರಿಯವನೇ" ಎಂದು ಚಿಕ್ಕಕ್ಕ ಅದಕ್ಕೆ ಗುಮಾಸ್ತ ಎಂದು ಹೆಸರಿಟ್ಟಳು. ಟೈಲರಮ್ಮನೂ ಗೋಡೆಯಾಚೆಯಿಂದ, "ಗುಮಾಸ್ತರು ಬಂದ್ರಾ? ನಮ್ಮ ಮನೆಯವರಿಗಿಂತ ಟೈಮಿಗೆ ಸರಿಯಾಗಿ ಬರ್ತಾರಪ್ಪ" ಎಂದು ವಿಚಾರಿಸಿಕೊಳ್ಳುತ್ತಿದ್ದಳು.

ದಿನವೂ ಚಿಕ್ಕಕ್ಕ ಫೋಟೋ ತೆಗೆದಳು. ಸಂಜೆ ಕ್ಯಾಮರಾವನ್ನು ಅಕ್ಕನ ಕೈಗೆ ಕೊಡುತ್ತಿದ್ದಳು. ಕಂಪ್ಯೂಟರ್ ಎಂದರೆ ಅವಳಿಗೆ ಆಗದು. ದೊಡ್ಡಕ್ಕ ಚಿತ್ರಗಳನ್ನು ಇಳಿಸಿ, ಒಳ್ಳೆಯದನ್ನು ಆರಿಸಿ, ಚೊಕ್ಕ ಮಾಡಿ, ಉಳಿದದ್ದನ್ನು ಅಳಿಸಿ, ಕ್ಯಾಮರಾವನ್ನು ಖಾಲಿ ಮಾಡಿ ವಾಪಸು ಕೊಡುತ್ತಿದ್ದಳು. ಕೊನೆಗೆ ಅದರಲ್ಲಿ ಹತ್ತನ್ನು ಮಾತ್ರ ಉಳಿಸಿಕೊಂಡು ದೊಡ್ಡದಾಗಿ ಮುದ್ರಿಸಿ, ಎರಡು ರಟ್ಟಿನ ನಡುವೆ ಇಟ್ಟು ಅಂಟಿಸಿ, "ತಗೋ, ನಿಮ್ಮ ಮೇಷ್ಟ್ರಿಗೆ ಕಳಿಸು. ಬಿಚ್ಚಬೇಡ, ಬೆರಳಚ್ಚು ಬೀಳುತ್ತೆ" ಎಂದು ಕೊಟ್ಟಿದ್ದಳು. ಚಿಕ್ಕಕ್ಕ ತಾನು ಬರೆದ ಎರಡು ಪುಟವನ್ನು ಅದರ ಜೊತೆ ಸೇರಿಸಿ ಅಂಚೆಗೆ ಹಾಕಿದಳು. ಆಮೇಲೆ ಆ ವಿಷಯ ಮನೆಯಲ್ಲಿ ಮತ್ತೆ ಬರಲಿಲ್ಲ. ದೊಡ್ಡಕ್ಕನೂ ಕೇಳಲಿಲ್ಲ.

ಆ ಮೇಷ್ಟ್ರು ಈಗ, ಒಂದು ಸೋಮವಾರ, ಬಾಗಿಲಿಗೆ ಬಂದರು.

ಅವರು ಜೀವಶಾಸ್ತ್ರದ ಪಾಠ ಹೇಳಿ ನಿವೃತ್ತರಾದವರು. ಮನೆಮನೆಗಳ ಹಿತ್ತಲಲ್ಲಿ ಚಿಟ್ಟೆ ನೋಡುವವರನ್ನು ಒಟ್ಟುಗೂಡಿಸಿ ಮೂರು ತಿಂಗಳಿಗೊಮ್ಮೆ ನಾಲ್ಕು ಪುಟದ ಒಂದು ಹಾಳೆ ತರುತ್ತಿದ್ದರು. ಎಲ್ಲರೂ ಅವರನ್ನು ಚಿಟ್ಟೆ ಮೇಷ್ಟ್ರು ಎನ್ನುತ್ತಿದ್ದರು. ತೆಳ್ಳಗಿನ ಮನುಷ್ಯ, ಚಪ್ಪಲಿಯನ್ನು ಗೋಡೆಗೆ ಸಮನಾಗಿ ಜೋಡಿಸಿಟ್ಟು ಒಳಗೆ ಬಂದರು.

"ನನಗೆ ತಡವಾಗಿ ಗೊತ್ತಾಯ್ತಮ್ಮ. ಈ ಸಲದ ಹಾಳೇಲಿ ನಿಮ್ಮ ತಂಗಿ ಬಗ್ಗೆ ನಾಲ್ಕು ಸಾಲು ಬರೆದಿದ್ದೀನಿ. ಅವರದ್ದೊಂದು ಫೋಟೋ ಬೇಕಿತ್ತು."

"ಓದಿ" ಎಂದಳು ದೊಡ್ಡಕ್ಕ.

ಅವರು ಜೇಬಿನಿಂದ ಕಾಗದ ತೆಗೆದು ಓದಿದರು. ಒಳ್ಳೆಯ ಮಾತುಗಳೇ. ಶಿಸ್ತು, ಶ್ರದ್ಧೆ, ನಗುಮುಖ. ಕೊನೆಯ ಸಾಲು ಹೀಗಿತ್ತು: "ಅವರ ಪ್ರೀತಿ ಎಷ್ಟು ದೊಡ್ಡದಾಗಿತ್ತೆಂದರೆ, ಹಿತ್ತಲಿಗೆ ಬಂದುಹೋದ ಹತ್ತಾರು ಚಿಟ್ಟೆಗಳು ಅವರ ಕಣ್ಣಿಗೆ ಒಂದೇ ಚಿಟ್ಟೆಯಾಗಿ ಕಂಡವು."

"ಹಾಗಂದ್ರೆ?"

ಮೇಷ್ಟ್ರು ಕಾಗದವನ್ನು ಮಡಿಸಿದರು. "ಬೇಜಾರು ಮಾಡ್ಕೋಬೇಡಿ. ಒಂದೇ ಚಿಟ್ಟೆ ಐವತ್ತೊಂದು ದಿನ ನಮ್ಮ ಹಿತ್ತಲಿಗೆ ಬಂತು, ಹರಿದ ರೆಕ್ಕೆಯಿಂದ ಗುರುತು ಹಿಡಿದೆ ಅಂತ ಬರೆದಿದ್ರು. ಆ ಜಾತಿ ಒಂದೇ ಎಲೆ ಹಿಡ್ಕೊಂಡು ಕೂರೋದು ನಿಜ. ಆದ್ರೆ ಅವರು ಕಳಿಸಿದ ಹತ್ತು ಫೋಟೋದಲ್ಲೂ ರೆಕ್ಕೆ ಹೊಸ ನೋಟಿನ ಹಾಗಿದೆ. ಅಷ್ಟು ದಿನ ಬದುಕಿದ ಚಿಟ್ಟೆ ಚಿಂದಿಯಾಗಿರುತ್ತೆ. ಒಂದು ಹೋಗುತ್ತೆ, ಇನ್ನೊಂದು ಆ ಜಾಗಕ್ಕೆ ಬರುತ್ತೆ. ಅದನ್ನೇ ಅವರ ಕಚೇರಿ ವಿಳಾಸಕ್ಕೆ ಬರೆದಿದ್ದೆ. 'ಇರಬಹುದು ಸಾರ್, ನನ್ನ ಕಣ್ಣಿನ ತಪ್ಪು' ಅಂತ ಒಂದು ಕಾರ್ಡು ಹಾಕಿದ್ರು. ದೊಡ್ಡ ಮನಸ್ಸು."

ಮಾತು ಇರುವ ಜಾಗದವರೆಗೆ ಹೋಗಿ ತರಲು ದೊಡ್ಡಕ್ಕನಿಗೆ ಹೊತ್ತು ಬೇಕಾಗಿತ್ತು, ಅಷ್ಟರಲ್ಲಿ ಮೇಷ್ಟ್ರು ಎದ್ದು ನಿಂತಿದ್ದರು. "ಶನಿವಾರ ಪ್ರೆಸ್ಸಿಗೆ ಕೊಡಬೇಕು. ಅಷ್ಟರೊಳಗೆ ಫೋಟೋ ಕೊಟ್ರೆ ಸಾಕು" ಎಂದು, ಚಪ್ಪಲಿ ಮೆಟ್ಟಿಕೊಂಡು ಹೋದರು.

ಹೊಸ ನೋಟಿನ ಹಾಗೆ. ಅದು ಅವಳ ಕೆಲಸಕ್ಕೆ ಸಿಕ್ಕ ಹೊಗಳಿಕೆ. ಮೂವತ್ತೆರಡು ವರ್ಷದಲ್ಲಿ ಅಂಥ ಮಾತು ಎಷ್ಟೋ ಸಲ ಕೇಳಿದ್ದಳು.

ಮಂಗಳವಾರ ತಂಗಿಯ ಕಪಾಟು ತೆಗೆದಳು. ನಾಲ್ಕು ತಿಂಗಳಿಂದ ಮುಟ್ಟಿರಲಿಲ್ಲ. ಸೀರೆಗಳ ಕೆಳಗೆ ಉದ್ದನೆಯ ಒಂದು ಪುಸ್ತಕವಿತ್ತು, ಕಚೇರಿಯಲ್ಲಿ ಹಾಜರಿಗೆ ಬಳಸುವಂಥದ್ದೇ. ರಟ್ಟಿನ ಮೇಲೆ ದುಂಡು ಅಕ್ಷರದಲ್ಲಿ "ಗುಮಾಸ್ತ" ಎಂದಿತ್ತು. ಒಳಗೆ ಗೆರೆ ಎಳೆದು ನಾಲ್ಕು ಅಂಕಣ: ದಿನ, ಬಂದ ವೇಳೆ, ಹೋದ ವೇಳೆ, ಷರಾ. ಐವತ್ತೊಂದು ದಿನ, ಭಾನುವಾರಗಳನ್ನೂ ಸೇರಿಸಿ. ಮೂರು ದಿನ ಗೈರುಹಾಜರಿ, ಮಳೆ. ಕೆಲಸದ ದಿನಗಳಲ್ಲಿ ಹೋದ ವೇಳೆಯ ಅಂಕಣಕ್ಕೆ ಬರೀ ಅಡ್ಡಗೆರೆ, ಯಾಕೆಂದರೆ ಆಗ ಅವಳು ಕಚೇರಿಯಲ್ಲಿರುತ್ತಿದ್ದಳು; ಕಾಣದ್ದನ್ನು ಬರೆದಿರಲಿಲ್ಲ.

ಷರಾದಲ್ಲಿ ತಂಗಿಯ ದನಿ ಇತ್ತು. "ಮೂರನೇ ದಿನ. ಎಡಗಡೆ ಹಿಂದಿನ ರೆಕ್ಕೆ ಉಗುರಿನಷ್ಟು ಹರಿದಿದೆ. ಯಾರ ಜೊತೆ ಜಗಳವೋ ತಿಳಿಯದು." "ಹದಿನೇಳನೇ ದಿನ. ಬಲಗಡೆ ಮುಂದಿನ ರೆಕ್ಕೆಯ ತುದಿ ಇಲ್ಲ. ರಜೆ ಕೇಳಿಲ್ಲ." "ಮೂವತ್ತನೇ ದಿನ. ಎಡಗಡೆಯ ಹರಕು ನಾಲ್ಕು ಚುಕ್ಕೆಯಷ್ಟಾಗಿದೆ. ಕೋಟು ಬದಲಾಯಿಸಲು ಹೇಳಿದೆ, ಕೇಳುವುದಿಲ್ಲ." ಒಂದೊಂದು ಷರಾದ ಪಕ್ಕ ಪೆನ್ಸಿಲಿನಲ್ಲಿ ರೆಕ್ಕೆಯ ಚಿತ್ರ. ಚಿಕ್ಕಕ್ಕನಿಗೆ ಚಿತ್ರ ಬರುತ್ತಿರಲಿಲ್ಲ. ಮಕ್ಕಳು ಬರೆದ ಎಲೆಯ ಹಾಗಿದ್ದವು. ಹರಕನ್ನು ಮಾತ್ರ ಅಳಿಸಿ ಅಳಿಸಿ ಸರಿಯಾಗಿ ಬರೆದಿದ್ದಳು. ಅಲ್ಲಲ್ಲಿ ಕಾಗದ ಸವೆದಿತ್ತು.

ಐವತ್ತೊಂದನೇ ದಿನದ ಕೆಳಗೆ ಎರಡು ಸಾಲು ಜಾಗ ಬಿಟ್ಟು ಇನ್ನೊಂದು ಷರಾ. ಅದಕ್ಕೆ ತಾರೀಖು ಇರಲಿಲ್ಲ. "ಮೇಷ್ಟ್ರು ಒಪ್ಪಲಿಲ್ಲ, ಫೋಟೋ ವಾಪಸು ಕಳಿಸಿದ್ದಾರೆ. ಈಗಲೇ ಮೊದಲ ಸಲ ನೋಡಿದೆ. ಅಕ್ಕನಿಗೆ ತಿಳಿಸುವುದು ಬೇಡ."

ದೊಡ್ಡಕ್ಕ ಮಂಚದ ಅಂಚಿಗೆ ಕುಳಿತಳು. ಒಂದು ಸಂಜೆ ನೆನಪಾಯಿತು. ತಂಗಿ ಕಚೇರಿಯಿಂದ ಬಂದು, ಕೈಚೀಲವನ್ನೂ ಇಳಿಸದೆ, ಕಂಪ್ಯೂಟರಿನ ಪಕ್ಕ ನಿಂತು ಕೇಳಿದ್ದಳು. "ಅಕ್ಕಾ, ಮೊದಲಿನದು ಇದೆಯಾ?"

"ಮೊದಲಿನದಾ? ಅದ್ಯಾಕೆ? ಅಳಿಸಿಬಿಟ್ಟೆ. ಅದನ್ನೂ ಇಟ್ಕೊಂಡ್ರೆ ನಾನು ಕೆಲಸ ಮಾಡಿ ಏನು ಬಂತು?"

"ಸುಮ್ನೆ ಕೇಳ್ದೆ" ಎಂದು ಹೇಳಿ, ಕೈಕಾಲು ತೊಳೆಯಲು ಹೋಗಿದ್ದಳು.

ಈಗಲಾದರೂ ಏನಾದರೂ ಆಗಬಹುದು ಎಂದು ದೊಡ್ಡಕ್ಕ ಕಾದಳು. ಏನೂ ಆಗಲಿಲ್ಲ. ಗೋಡೆ ಗಡಿಯಾರದ ಸದ್ದು ಕೇಳಿಸುತ್ತಿತ್ತು. ಪುಸ್ತಕವನ್ನು ಮುಚ್ಚಿ ಮೊದಲಿದ್ದ ಹಾಗೆ ಸೀರೆಯ ಕೆಳಗೆ ಇಟ್ಟಳು, ಮತ್ತೆ ತೆಗೆದು ಹೊರಗಿಟ್ಟಳು. ಒಂದು ಮಾತ್ರ ಗೊತ್ತಿತ್ತು. ತಂಗಿಯ ಕಣ್ಣು ತಪ್ಪಿರಲಿಲ್ಲ. ಜೀವಮಾನವಿಡೀ ಬೇರೆಯವರ ಹಾಜರಿ ಬರೆದವಳು, ಬಾರದವರನ್ನು ಒಂದು ದಿನವೂ ಬಂದರು ಎಂದು ಬರೆಯದವಳು, ಶನಿವಾರ ಅಚ್ಚಿನಲ್ಲಿ ಸುಳ್ಳು ಹಾಜರಿ ಬರೆದವಳಾಗುತ್ತಾಳೆ. ಅದೂ ಪ್ರೀತಿಯ ಹೆಸರಿನಲ್ಲಿ.

ಆದರೆ ತೋರಿಸಲು ಏನಿದೆ? ಅಳಿಸಿದ್ದು ಅಳಿಸಿದ್ದೇ. ಮಕ್ಕಳು ಬರೆದಂಥ ಚಿತ್ರಗಳನ್ನು ಮೇಷ್ಟ್ರು ಸಾಕ್ಷಿ ಎನ್ನುವುದಿಲ್ಲ.

ಬುಧವಾರ ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದಾಗ ಟೈಲರಮ್ಮ ಗೋಡೆಯ ಮೇಲಿಂದ ಒಂದು ದಿಂಬಿನ ಚೀಲ ಚಾಚಿದಳು. "ತಗೊಳ್ಳಿ, ಹೊಲಿದಿದ್ದೀನಿ. ಒಳಗಡೆ ಇನ್ನೊಂದು ತೇಪೆ ಇತ್ತಲ್ಲ, ಯಾರು ಹಾಕಿದ್ದು?"

"ಪುಟ್ಟಿ." ಐವತ್ತೆರಡು ವರ್ಷದ ತಂಗಿಯನ್ನು ಅವಳು ಕರೆಯುತ್ತಿದ್ದದ್ದೇ ಹಾಗೆ.

"ಅದೇ ಅಂದುಕೊಂಡೆ. ಅಂಗೈಯಷ್ಟು ತೇಪೆ ಹಾಕಿದ್ದಾರೆ. ಬಿಚ್ಚಿ ನೋಡಿದ್ರೆ ಹರಕೂ ಅಂಗೈಯಷ್ಟೇ, ಸರಿಯಾಗಿ ಅಳತೆ ನೋಡಿ ಹಾಕಿದ್ದಾರೆ. ತೇಪೆ ನೋಡಿದ್ರೆ ಹರಿದದ್ದು ಎಷ್ಟು ಅಂತ ಗೊತ್ತಾಗಲ್ವಾ ದೊಡ್ಡಕ್ಕ. ಏನು, ಹಾಗೆ ನೋಡ್ತೀರಿ? ದಾರದ ಬಣ್ಣ ಸರಿಯಿಲ್ವಾ?"

"ಸರಿಯಿದೆ" ಎಂದಳು ದೊಡ್ಡಕ್ಕ. ಬಟ್ಟೆಯ ಬಕೆಟ್ಟನ್ನು ಅಲ್ಲೇ ಬಿಟ್ಟು ಒಳಗೆ ಹೋದಳು.

ಸ್ಟುಡಿಯೋದಲ್ಲೂ ಅದಕ್ಕೆ ತೇಪೆ ಎಂದೇ ಹೇಳುತ್ತಿದ್ದರು. ಪಕ್ಕದ ಒಂದು ಚೂರನ್ನು ನಕಲು ಮಾಡಿ, ಹರಿದ ಜಾಗಕ್ಕೆ ತಂದು ಕೂರಿಸಿ, ಅಂಚನ್ನು ಮೆತ್ತಗೆ ಬೆರೆಸಿಬಿಡುವುದು. ಬೇರೆಯವರಿಗೆ ಕಾಣದು. ಹಾಕಿದವಳಿಗೆ ಕಾಣದೆ ಇರುತ್ತದೆಯೇ? ಕಂಪ್ಯೂಟರಿನಲ್ಲಿ ಉಳಿದಿದ್ದ ಗುಮಾಸ್ತನ ಒಂದು ಚಿತ್ರವನ್ನು ಒಂದೊಂದು ಚುಕ್ಕೆಯೂ ಬೆರಳ ತುದಿಯಷ್ಟಾಗುವವರೆಗೆ ಹಿಗ್ಗಿಸಿದಳು. ಎಡಗಡೆಯ ಹಿಂದಿನ ರೆಕ್ಕೆ, ಅಂಚಿನ ಸಾಲು. ಐದನೇ ಚುಕ್ಕೆ ಮತ್ತು ಆರನೇ ಚುಕ್ಕೆ ಅಲ್ಲಿ ಇರಲಿಲ್ಲ. ಮೂರನೆಯದನ್ನೂ ನಾಲ್ಕನೆಯದನ್ನೂ ಎತ್ತಿ ತಂದು ಇಟ್ಟಿದ್ದಳು. ನಾಲ್ಕನೇ ಚುಕ್ಕೆಯ ಮೇಲೆ ಒಂದು ಧೂಳಿನ ಕಣ. ಆರನೇ ಚುಕ್ಕೆಯ ಮೇಲೂ ಅದೇ ಕಣ, ಅದೇ ಜಾಗದಲ್ಲಿ. ಆವತ್ತು ಅದನ್ನು ಗಮನಿಸಿರಲಿಲ್ಲ. ಯಜಮಾನರು ಕಂಡಿದ್ದರೆ ಬೈಯುತ್ತಿದ್ದರು.

ಗುರುವಾರವಿಡೀ, ಶುಕ್ರವಾರ ಮಧ್ಯಾಹ್ನದವರೆಗೆ, ಅವಳು ತನ್ನ ಕೈಯನ್ನು ತಾನೇ ಹುಡುಕಿದಳು. ಹತ್ತು ಚಿತ್ರಗಳನ್ನೂ ಹಿಗ್ಗಿಸಿ ಮುದ್ರಿಸಿ, ಮೂಲೆಯಲ್ಲಿ ಅದು ಎಷ್ಟನೇ ದಿನದ್ದೆಂದು ಬರೆದು, ಪ್ರತಿಯೊಂದು ತೇಪೆಯ ಸುತ್ತ ಕೆಂಪು ಪೆನ್ಸಿಲಿನಿಂದ ಗೆರೆ ಎಳೆದಳು. ಗೆರೆ ಎಳೆಯುತ್ತ ಹೋದ ಹಾಗೆ ಗುಮಾಸ್ತನ ರೆಕ್ಕೆ ಹರಿಯುತ್ತ ಹೋಯಿತು. ಮೂರನೇ ದಿನ ಉಗುರಿನಷ್ಟು. ಹದಿನೇಳನೇ ದಿನ ಬಲಗಡೆಯ ತುದಿ. ಮೂವತ್ತನೇ ದಿನ ಎಡಗಡೆ ನಾಲ್ಕು ಚುಕ್ಕೆ. ನಲವತ್ತೊಂಬತ್ತನೇ ದಿನ ಕೆಂಪು ಗೆರೆಯ ಒಳಗಿದ್ದದ್ದೇ ಹೆಚ್ಚು, ಹೊರಗಿದ್ದದ್ದು ಕಡಿಮೆ. ಆ ಚಿತ್ರದ ರೆಕ್ಕೆಯಲ್ಲಿ ಅರ್ಧ ದೊಡ್ಡಕ್ಕನದ್ದೇ. ತಂಗಿಯ ಪುಸ್ತಕ ಬಿಚ್ಚಿ ಪಕ್ಕದಲ್ಲಿ ಇಟ್ಟುಕೊಂಡಳು. ಹರಕಿಗೆ ಹರಕು ಹೊಂದಿತು.

ಶನಿವಾರ ಬೆಳಿಗ್ಗೆ ಮೇಷ್ಟ್ರ ಮನೆಗೆ ಹೋದಳು. ಅವರ ಮೇಜಿನ ಮೇಲೆ ಪುಸ್ತಕ, ಗೋಡೆಗೆ ಗಾಜಿನ ಡಬ್ಬಿಗಳು, ಕಿಟಕಿಯಲ್ಲಿ ಒಣಗುತ್ತಿದ್ದ ಒಂದು ಜೊತೆ ಕಾಲುಚೀಲ.

"ಫೋಟೋ ತಂದ್ರಾ?" ಎಂದರು.

"ತಂದೆ. ತಂಗೀದಲ್ಲ, ಗುಮಾಸ್ತಂದು." ದೊಡ್ಡಕ್ಕ ಚಿತ್ರಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು, ಪಕ್ಕದಲ್ಲಿ ಹಾಜರಿ ಪುಸ್ತಕವನ್ನೂ ಇಟ್ಟಳು. "ಈ ಗೆರೆ ಒಳಗಿರೋದೆಲ್ಲ ನಾನು ಮಾಡಿದ್ದು. ಅಲ್ಲಿ ರೆಕ್ಕೆ ಇರಲಿಲ್ಲ. ನಾನು ಹರಿದದ್ದನ್ನ ಹಾಗೇ ಬಿಡೋಳಲ್ಲ. ಪುಟ್ಟಿಗೆ ಗೊತ್ತಿರಲಿಲ್ಲ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ನೋಡಿಯಮ್ಮ, ತಂಗಿ ಮೇಲಿನ ಪ್ರೀತಿ ನನಗೆ ಅರ್ಥ ಆಗುತ್ತೆ. ಆದ್ರೆ ಪೆನ್ಸಿಲಲ್ಲಿ ಗೆರೆ ಯಾರು ಬೇಕಾದ್ರೂ..."

"ನಿಮ್ಮ ಹತ್ರ ಭೂತಗನ್ನಡಿ ಇರಬೇಕಲ್ಲ. ನೀವೇ ಒಂದು ಆರಿಸಿಕೊಳ್ಳಿ, ನನಗೆ ತೋರಿಸಬೇಡಿ. ದಿನ ಎಷ್ಟು ಅಂತ ಮಾತ್ರ ಹೇಳಿ."

ಅವರು ಒಂದನ್ನು ಎತ್ತಿಕೊಂಡು, ಬೆನ್ನು ತಿರುಗಿಸಿ ಕಿಟಕಿಯ ಬೆಳಕಿಗೆ ಹಿಡಿದರು. "ಇಪ್ಪತ್ತೆರಡು."

"ಎಡಗಡೆ, ಐದು ಮತ್ತು ಆರು. ಆರರ ಮೇಲೆ ಧೂಳಿದೆ, ನಾಲ್ಕರ ಮೇಲೂ ಇದೆ. ಬಲಗಡೆ ತುದಿಗೆ ಎಡಗಡೆ ತುದೀನೇ ಮಗುಚಿ ಹಾಕಿದ್ದೀನಿ. ಎರಡೂ ಕಡೆ ಒಂದು ಕೂದಲಿನಂಥ ಬಿಳಿ ಗೀರು ಕಾಣಬೇಕು, ಕನ್ನಡೀಲಿ ನೋಡಿದ ಹಾಗೆ."

ಮೇಷ್ಟ್ರು ಭೂತಗನ್ನಡಿಯನ್ನು ರೆಕ್ಕೆಯ ಮೇಲೆ ಎರಡು ಸಲ ಆಡಿಸಿದರು. ಹತ್ತನ್ನೂ ನೋಡಿದರು. ಹಾಜರಿ ಪುಸ್ತಕವನ್ನು ಪುಟ ಪುಟವಾಗಿ ನೋಡಿದರು. ಒಂದು ಕಡೆ ನಕ್ಕರು, "ರಜೆ ಕೇಳಿಲ್ಲ" ಎಂಬಲ್ಲಿ ಇರಬೇಕು. ಕೊನೆಯ ಷರಾ ಓದಿದಾಗ ದೊಡ್ಡಕ್ಕನ ಕಡೆ ನೋಡದೆ ಪುಸ್ತಕವನ್ನು ಮುಚ್ಚಿದರು.

"ಐವತ್ತೊಂದು ಅಂತ ನಾನು ಬರೆಯೋಕಾಗಲ್ಲ" ಎಂದರು. "ಮೊದಲ ಎರಡು ದಿನ ಹರಕು ಇರಲಿಲ್ಲ, ಅದೇ ಚಿಟ್ಟೆ ಅಂತ ಹೇಳೋಕೆ ಬರಲ್ಲ. ಕೊನೇ ಎರಡು ದಿನದ್ದು ಫೋಟೋ ಇಲ್ಲ. ಮೂರರಿಂದ ನಲವತ್ತೊಂಬತ್ತರವರೆಗೆ ಒಂದೇ ಚಿಟ್ಟೆ, ಅಷ್ಟು ಬರೀತೀನಿ. ಉಳಿದದ್ದಕ್ಕೆ ಅವರ ಪುಸ್ತಕ ಇದೆ ಅಂತ ಬರೀತೀನಿ. ಸಾಕಾ?"

"ಸಾಕು. ಇದ್ದಷ್ಟು ಬರೆದ್ರೆ ಸಾಕು."

"ಇದು ಹೇಗೆ ಗೊತ್ತಾಯ್ತು ಅಂತಲೂ ಬರೀಬೇಕಾಗುತ್ತೆ. ಫೋಟೋ ತಿದ್ದಿದ್ದು ನೀವು ಅಂತ."

"ಬರೀರಿ. ಹತ್ತು ಚಿತ್ರಾನೂ ಗೆರೆ ಸಮೇತ ಹಾಕಿ."

ಅವರು ಹಳೆಯ ಕೊನೆಯ ಸಾಲನ್ನು ಅವಳ ಎದುರಿಗೇ ಹೊಡೆದುಹಾಕಿದರು. ದೊಡ್ಡಕ್ಕನಿಗೆ ಸಮಾಧಾನವಾಗಬೇಕಿತ್ತು. ಬಸ್ಸಿನಲ್ಲಿ ಮನೆಗೆ ಬರುವಾಗ ಅದನ್ನು ಹುಡುಕಿ ನೋಡಿದಳು, ಸಿಗಲಿಲ್ಲ. ಕಿಟಕಿಯ ಹೊರಗೆ ಅಂಗಡಿಗಳು ಹೋಗುತ್ತಿದ್ದವು. ಮನೆಗೆ ಬಂದು ಎರಡು ಲೋಟ ಚಹಾ ಮಾಡಿದಳು.

ಬುಧವಾರ ಮೇಷ್ಟ್ರ ಫೋನು ಬಂತು. ಅಚ್ಚಿಗೆ ಹೋಗುವ ಮೊದಲು ಪುಟ ನೋಡಬೇಕು, ತಮ್ಮ ಕಣ್ಣಿಗೆ ಚಿತ್ರಗಳ ನಯ ತಿಳಿಯದು, ಅವಳೇ ಹೋಗಿ ನೋಡಿದರೆ ಒಳ್ಳೆಯದು ಎಂದರು. ಪ್ರೆಸ್ಸು ಒಂದು ಇಳಿಜಾರು ಬೀದಿಯಲ್ಲಿತ್ತು. ಒಳಗೆ ಶಾಯಿಯ ವಾಸನೆ, ಕಟ್ಟು ಕಟ್ಟು ಕಾಗದ, ಎಲ್ಲಿಂದಲೋ ಯಂತ್ರದ ದಡದಡ. ಕಂಪ್ಯೂಟರಿನ ಮುಂದೆ ಪುಟ ಕಟ್ಟುವವನು ಕುಳಿತಿದ್ದ. ನಡುವಯಸ್ಸಿನ ಮನುಷ್ಯ, ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡಿದ್ದ.

"ಬನ್ನಿ ಮೇಡಂ. ಚಿಟ್ಟೆ ಹಾಳೆ ತಾನೇ? ನಿಮ್ಮ ಫೋಟೋಗಳು ನನ್ನ ಜೀವ ತಿಂದುಬಿಟ್ವು." ಅವನು ಪುಟವನ್ನು ಪರದೆಯ ಮೇಲೆ ತಂದ. "ಎಷ್ಟು ಚೆನ್ನಾಗಿರೋ ಫೋಟೋಗಳು! ಯಾರೋ ಪುಣ್ಯಾತ್ಮರು ಕೆಂಪು ಪೆನ್ಸಿಲಲ್ಲಿ ಗೀಚಿ ಹಾಕಿದ್ರು. ಮಕ್ಕಳಿರೋ ಮನೆ ಅಂತ ಕಾಣುತ್ತೆ. ಒಂದೂವರೆ ದಿನ ಕೂತು ಎಲ್ಲಾ ತೆಗೆದಿದ್ದೀನಿ. ಈಗ ನೋಡಿ, ಗೀಚಿದ್ದು ಎಲ್ಲಿ ಅಂತ ಕಂಡುಹಿಡೀರಿ ನೋಡೋಣ."

ದೊಡ್ಡಕ್ಕ ಬಗ್ಗಿ ನೋಡಿದಳು. ಹತ್ತು ಗುಮಾಸ್ತರು, ಹತ್ತೂ ಹೊಸ ನೋಟಿನ ಹಾಗೆ. ಮೂಗು ಪರದೆಗೆ ತಾಗುವಷ್ಟು ಹತ್ತಿರ ಹೋಗಿ ಹುಡುಕಿದಳು. ಒಂದು ಕಡೆಯೂ ಕೆಂಪಿನ ಎಳೆ ಇಲ್ಲ.

"ಇಲ್ಲ" ಎಂದಳು. "ಕೈ ಕಾಣೋದೇ ಇಲ್ಲ. ಬಹಳ ಚೆನ್ನಾಗಿ ಮಾಡಿದ್ದೀರಿ."

"ಅನುಭವ ಮೇಡಂ" ಎಂದು ಅವನು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ.

"ಮೊದಲಿನದು ಇದೆಯಾ?"

"ಮೊದಲಿನದಾ? ಅದ್ಯಾಕೆ ಮೇಡಂ? ಅಳಿಸಿಬಿಟ್ಟೆ. ನೀವು ಕೊಟ್ಟ ಪ್ರಿಂಟುಗಳೂ ಕಸದ ಗಾಡಿಗೆ ಹೋದ್ವು. ಗೀಚಿದ್ದನ್ನ ಇಟ್ಕೊಂಡು ಏನು ಮಾಡೋದು?"

ಆಗ ದೊಡ್ಡಕ್ಕನ ಗಂಟಲಿನಿಂದ ಒಂದು ಸದ್ದು ಹೊರಟಿತು. ಮೊದಲು ಅದು ಬಿಕ್ಕಳಿಕೆ ಎಂದುಕೊಂಡಳು. ಇನ್ನೊಂದು ಬಂತು. ಅದು ನಗು. ತಡೆಯಲು ಸೆರಗನ್ನು ಬಾಯಿಗೆ ಅದುಮಿದಳು, ಆಗಲಿಲ್ಲ. ಮೇಜು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಪುಟ ಕಟ್ಟುವವನು ತಾನೂ ಸ್ವಲ್ಪ ನಕ್ಕು, ಆಮೇಲೆ ಗಾಬರಿಯಾಗಿ, "ಏನಾಯ್ತು ಮೇಡಂ?" ಎಂದ.

ಮಾಡಿದ್ದುಣ್ಣೋ ಮಾರಾಯ ಅನ್ನುವುದು ಇದಕ್ಕೇ, ಎಂದುಕೊಂಡಳು. ಇದನ್ನು ಪುಟ್ಟಿಗೆ ಹೇಳಬೇಕು. ಮನೆಗೆ ಹೋದ ತಕ್ಷಣ, ಚಪ್ಪಲಿ ಬಿಡುವ ಮೊದಲೇ ಹೇಳಬೇಕು. ಅವಳು ಎಷ್ಟು ನಗುತ್ತಾಳೋ.

ನಗು ನಿಂತಿತು. ಕಣ್ಣಿನ ನೀರು ನಿಲ್ಲಲಿಲ್ಲ.

ಜೋಮು ಹಿಡಿದ ಕೈಗೆ ರಕ್ತ ವಾಪಸು ಬರುವಾಗ ಮೊದಲು ಸೂಜಿಯಿಂದ ಚುಚ್ಚಿದ ಹಾಗಾಗುತ್ತದೆ. ದೊಡ್ಡಕ್ಕ ಮೇಜನ್ನು ಬಿಡದೆ, "ಇಲ್ಲಿ ಕೂತ್ಕೊಳ್ಳಲಾ?" ಎಂದು ಕೇಳಿದಳು. ಅವನು ತನ್ನ ಕುರ್ಚಿಯನ್ನೇ ಕೊಟ್ಟು, ಒಂದು ಲೋಟ ನೀರು ತಂದಿಟ್ಟು, ಏನು ಮಾಡಬೇಕೋ ತಿಳಿಯದೆ ಕಾಗದದ ಕಟ್ಟಿಗೆ ಒರಗಿ ನಿಂತ. ಯಂತ್ರ ದಡದಡ ಎನ್ನುತ್ತಲೇ ಇತ್ತು.

ಸ್ವಲ್ಪ ಹೊತ್ತಾದ ಮೇಲೆ ಅವಳು ಮೂಗು ಒರೆಸಿಕೊಂಡಳು. "ಈ ಪುಟವನ್ನ ಕಾಗದದ ಮೇಲೆ ತೆಗೆದುಕೊಡಿ, ಚಿತ್ರ ಸ್ವಲ್ಪ ದೊಡ್ಡದಾಗಿ. ಒಂದು ಕೆಂಪು ಪೆನ್ಸಿಲ್ ಬೇಕು."

"ಮತ್ತೆ ಗೀಚ್ತೀರಾ?"

"ಗೀಚಿದ್ದು ನಾನೇ. ಆ ಗೆರೆಗಳೇ ಸುದ್ದಿ ಕಣಪ್ಪ. ಉಳಿದದ್ದು ಬರೀ ಚಿತ್ರ."

ಅವನಿಗೆ ಅರ್ಥವಾಯಿತೋ ಇಲ್ಲವೋ, ಪ್ರೆಸ್ಸಿನಲ್ಲಿ ಕೆಂಪು ಪೆನ್ಸಿಲ್ ಎಲ್ಲಿದೆ ಎಂದು ಹುಡುಕುತ್ತ ಹೋದ. ಹಾಜರಿ ಪುಸ್ತಕ ಮನೆಯಲ್ಲಿತ್ತು. ಅದು ಬೇಕಾಗಿರಲಿಲ್ಲ, ಎಲ್ಲಿ ಎಷ್ಟು ಹರಿದಿತ್ತು ಎಂಬುದು ಈಗ ಅವಳಿಗೆ ಬಾಯಿಪಾಠವಾಗಿತ್ತು. ಕಾಗದ ಬಂತು, ಪೆನ್ಸಿಲ್ ಬಂತು. ದೊಡ್ಡಕ್ಕ ಉಸಿರು ಬಿಗಿಹಿಡಿದು ಮೊದಲ ಚಿತ್ರದ ಎಡಗಡೆಯ ರೆಕ್ಕೆಗೆ, ಐದನೇ ಚುಕ್ಕೆಯ ಬಳಿ, ಗೆರೆ ಎಳೆಯಲು ಶುರುಮಾಡಿದಳು.

"ಇವರೇನಾ ಮೇಡಂ ಫೋಟೋ ತೆಗೆದವರು?" ಅವನು ಪುಟದಲ್ಲಿ ಖಾಲಿ ಬಿಟ್ಟಿದ್ದ ಚೌಕವನ್ನು ತೋರಿಸಿದ. ಕೆಳಗೆ ಹೆಸರು ಇತ್ತು, ಮೇಲೆ ಚಿತ್ರ ಇರಲಿಲ್ಲ. "ಇವರ ಫೋಟೋ ಇನ್ನೂ ಬಂದಿಲ್ಲ."

"ತರ್ತೀನಿ. ನಾಳೆ ಬೆಳಿಗ್ಗೆ ತರ್ತೀನಿ" ಎಂದಳು ದೊಡ್ಡಕ್ಕ. "ಅದಕ್ಕೆ ಮಾತ್ರ ಕೈ ಹಚ್ಚಬೇಡಿ."